ಹಳೆಯ ಕಾರಿನ ಒಳಹೊದಿಕೆ ಮತ್ತು ಶ್ರಾವಕನ ವಿವೇಕ

ಅಹಿಂಸೆಯ ಮಾತು ಬಂದೊಡನೆ ಜೈನ ಗೃಹಸ್ಥನ ಮನಸ್ಸು ಸಹಜವಾಗಿಯೇ ಅಡುಗೆಮನೆಯ ಕಡೆಗೆ ತಿರುಗುತ್ತದೆ. ನೀರನ್ನು ಸೋಸಿ ಬಳಸುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಗೆಡ್ಡೆಗೆಣಸುಗಳನ್ನು ತ್ಯಜಿಸುವುದು ಮೊದಲಾದವು ಬಾಲ್ಯದಿಂದಲೇ ರೂಢಿಯಾಗಿ ಬಂದ ಆಚಾರಗಳು. ಆದರೆ ಗೃಹಸ್ಥನ ಬದುಕು ಅಡುಗೆಮನೆಯಲ್ಲಿಯೇ ಮುಗಿಯುವುದಿಲ್ಲ. ಅವನು ಕುಳಿತುಕೊಳ್ಳುವ ಆಸನ, ಮಲಗುವ ಹಾಸಿಗೆ, ಏರುವ ವಾಹನ ಇವೆಲ್ಲವೂ ಯಾವುದೋ ದ್ರವ್ಯದಿಂದ ಆದವು. ಆ ದ್ರವ್ಯ ಎಲ್ಲಿಂದ ಬಂತು, ಅದಕ್ಕಾಗಿ ಯಾವ ಜೀವ ನೊಂದಿತು ಎಂಬ ಪ್ರಶ್ನೆಯನ್ನು ತಟ್ಟೆಯ ಮುಂದೆ ಕೇಳುವಷ್ಟು ಎಚ್ಚರದಿಂದ ಆಸನದ ಮುಂದೆ ಕೇಳುವವರು ವಿರಳ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಊರಿನ ಹಳೆಯ ಮನೆಯೊಂದರ ಮಾಡಿನ ಕೆಳಗೆ 1950ರ ದಶಕದ ಬ್ರಿಟಿಷ್ ಕಾರೊಂದು ನಿಂತಿದೆ. ತಂದೆ ತೀರಿಕೊಂಡ ಮೇಲೆ ಅದು ಅನೇಕ ವರ್ಷ ಹಾಗೆಯೇ ನಿಂತಿತ್ತು. ಈಗ ಇಬ್ಬರು ಮಕ್ಕಳು ಸೇರಿ ಎಂಜಿನ್ನನ್ನು ಸರಿಪಡಿಸಿದ್ದಾರೆ. ತಗಡಿನ ಕೆಲಸವೂ ಮುಗಿಯುತ್ತ ಬಂದಿದೆ. ಉಳಿದಿರುವುದು ಒಳಮೈ. ಆಸನದ ಚರ್ಮ ಅಲ್ಲಲ್ಲಿ ಬಿರಿದಿದೆ. ಅದರೊಳಗೆ ತುಂಬಿದ್ದ ಪ್ರಾಣಿಗಳ ಗುಂಗುರುಕೂದಲು ಪುಡಿಯಾಗಿ ಉದುರುತ್ತಿದೆ. ಮೇಲ್ಛಾವಣಿಯ ಉಣ್ಣೆಬಟ್ಟೆಯನ್ನು ನುಸಿ ತಿಂದಿದೆ. ನೆಲಹಾಸಿನ ಕೆಳಗಿನ ಫೆಲ್ಟು ಹಲವು ಮಳೆಗಾಲಗಳ ತೇವವನ್ನು ಕುಡಿದು ಕಪ್ಪಾಗಿದೆ.

ಅಣ್ಣನ ಅಭಿಪ್ರಾಯ ಇದು: ಕಾರು ಹೇಗೆ ತಯಾರಾಗಿತ್ತೋ ಹಾಗೆಯೇ ಆಗಬೇಕು, ವಿದೇಶದಿಂದ ಅದೇ ಬಣ್ಣದ ಚರ್ಮವನ್ನೂ ಉಣ್ಣೆಯ ನೆಲಹಾಸನ್ನೂ ತರಿಸಬೇಕು, ಇಲ್ಲದಿದ್ದರೆ ಅದು ಅಪ್ಪನ ಕಾರೇ ಅಲ್ಲ. ತಮ್ಮನದು ಇನ್ನೊಂದು ಪಟ್ಟು: ಪ್ರಾಣಿಯಿಂದ ಬಂದ ಒಂದು ಎಳೆಯೂ ಉಳಿಯಬಾರದು, ಎಲ್ಲವನ್ನೂ ಕಿತ್ತು ಎಸೆದು ರೆಕ್ಸಿನ್ ಹಾಕಿಸಬೇಕು. ಇಬ್ಬರ ವಾದವನ್ನೂ ಕೇಳಿದ ತಾಯಿ ಹೇಳುತ್ತಾರೆ: “ನಿಮ್ಮಪ್ಪ ಬಸದಿಯ ಬಾಗಿಲಲ್ಲಿ ಬೆಲ್ಟು ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದರು. ಹೊರಗೆ ಬಂದು ಅದೇ ಚರ್ಮದ ಸೀಟಿನ ಮೇಲೆ ಕೂರುತ್ತಿದ್ದರು. ಆಗ ಯಾರಿಗೂ ಹೊಳೆಯಲಿಲ್ಲ. ಈಗ ನಿಮಗೆ ಹೊಳೆದಿದೆ, ಯೋಚಿಸಿ ಮಾಡಿ.”

ಆ ಯೋಚನೆ ಯಾವ ದಾರಿಯಲ್ಲಿ ಸಾಗಬೇಕು ಎಂಬುದೇ ಇಲ್ಲಿನ ವಿಚಾರ.

ವಸ್ತುವಿನ ಹೆಸರೋ, ಅದು ದೊರೆತ ರೀತಿಯೋ?

ಪ್ರಾಣಿಜನ್ಯವಾದ ಪದಾರ್ಥವೆಲ್ಲವೂ ವರ್ಜ್ಯವೇ? ಪರಂಪರೆಯನ್ನು ನೋಡಿದರೆ ಉತ್ತರ ಅಷ್ಟು ಸರಳವಲ್ಲ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ ನವಿಲಗರಿಯದು. ಶ್ವೇತಾಂಬರ ಸಾಧುಗಳ ರಜೋಹರಣ ಉಣ್ಣೆಯದು. ಎರಡೂ ಜೀವರಕ್ಷಣೆಗಾಗಿಯೇ ಇರುವ ಉಪಕರಣಗಳು. ನವಿಲು ತಾನಾಗಿ ಉದುರಿಸಿದ ಗರಿಯನ್ನು ಆಯ್ದು ತಂದಾಗ ಯಾವ ಪ್ರಾಣಕ್ಕೂ ಬಾಧೆಯಿಲ್ಲ. ಮತ್ತೊಂದು ಕಡೆ, ತೊಗಲಿನ ಪಾತ್ರೆಯಲ್ಲಿಟ್ಟ ನೀರು, ಎಣ್ಣೆ, ತುಪ್ಪಗಳನ್ನೂ ಶ್ರಾವಕಾಚಾರ ದೋಷವೆಂದು ಎಣಿಸುತ್ತದೆ. ಇಲ್ಲಿ ನೀರೂ ಎಣ್ಣೆಯೂ ಪ್ರಾಣಿಜನ್ಯವಲ್ಲ, ಆದರೂ ದೋಷವುಂಟು. ಆದುದರಿಂದ ಪರಂಪರೆಯು ಪದಾರ್ಥದ ಹೆಸರನ್ನಷ್ಟೇ ನೋಡದೆ, ಅದು ದೊರೆತ ಬಗೆಯನ್ನೂ ಅದರ ಸಂಪರ್ಕವನ್ನೂ ಬಳಸುವವನ ಭಾವವನ್ನೂ ಒಟ್ಟಿಗೆ ನೋಡುತ್ತದೆ ಎಂಬುದು ಸ್ಪಷ್ಟ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಸೇರಿಸಿರುವುದು ಇದೇ ಕಾರಣಕ್ಕೆ. ಅದೇ ಗ್ರಂಥದಲ್ಲಿ ಕರ್ಮಾಸ್ರವದ ದ್ವಾರಗಳ ಎಣಿಕೆಯೂ ಇದೆ. ಸಂರಂಭ, ಸಮಾರಂಭ, ಆರಂಭ ಎಂಬ 3 ಹಂತಗಳು. ಮನ, ವಚನ, ಕಾಯ ಎಂಬ 3 ಯೋಗಗಳು. ಕೃತ, ಕಾರಿತ, ಅನುಮತ ಎಂಬ 3 ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬ 4 ಕಷಾಯಗಳು. ಇವನ್ನು ಗುಣಿಸಿದರೆ 108. ಸಂರಂಭವೆಂದರೆ ಮಾಡಬೇಕೆಂಬ ಸಂಕಲ್ಪ. ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು. ಆರಂಭವೆಂದರೆ ಕೆಲಸಕ್ಕೆ ಕೈಹಾಕುವುದು. ಹಳೆಯ ಕಾರಿನ ಒಳಮೈಯನ್ನು ಹೊಸದು ಮಾಡುವ ಕೆಲಸವೂ ಈ ಮೂರು ಹಂತಗಳಲ್ಲಿಯೇ ನಡೆಯುತ್ತದೆ. ಪ್ರತಿ ಹಂತದಲ್ಲಿಯೂ ಒಂದು ಪ್ರಶ್ನೆ ಕಾದಿರುತ್ತದೆ.

ಸಂರಂಭ: ಏಕೆ ಮಾಡಬೇಕು?

ಮೊದಲನೆಯದು ಸಂಕಲ್ಪದ ಶುದ್ಧಿ. ಮೂರ್ಛೆಯೇ ಪರಿಗ್ರಹ ಎಂಬುದು ಸಿದ್ಧಾಂತ. ತಂದೆಯ ನೆನಪಿಗಾಗಿ ಒಂದು ವಾಹನವನ್ನು ಸುಸ್ಥಿತಿಯಲ್ಲಿಡುವುದು ಬೇರೆ. ಪ್ರದರ್ಶನದಲ್ಲಿ ಇತರರ ಕಾರನ್ನು ಹಿಂದಿಕ್ಕಬೇಕೆಂಬ ಹಟ ಬೇರೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಒಳಗೆ ಒಂದರಲ್ಲಿ ಕೃತಜ್ಞತೆ, ಇನ್ನೊಂದರಲ್ಲಿ ಮಾನಕಷಾಯ.

ಹಳೆಯದನ್ನು ಉಳಿಸುವುದರಲ್ಲಿ ಸ್ವತಃ ದೋಷವಿಲ್ಲ. ಹಳೆಯ ಕಾರುಗಳನ್ನು ಜೋಪಾನ ಮಾಡುವ ಸಂಪ್ರದಾಯ ಕರ್ನಾಟಕಕ್ಕೆ ಹೊಸದಲ್ಲ. ಧರ್ಮಸ್ಥಳದಲ್ಲಿ ಅದಕ್ಕಾಗಿಯೇ ಒಂದು ಸಂಗ್ರಹಾಲಯವಿದೆ. ಇರುವ ವಸ್ತುವನ್ನು ದುರಸ್ತಿ ಮಾಡಿ ಬಳಸುವವನು ಹೊಸ ವಸ್ತುವಿನ ತಯಾರಿಕೆಯಲ್ಲಿ ನಡೆಯುವ ಆರಂಭಹಿಂಸೆಯನ್ನು ಅಷ್ಟರಮಟ್ಟಿಗೆ ತಪ್ಪಿಸುತ್ತಾನೆ.

ಆದರೆ “ಮೂಲದಂತೆಯೇ ಇರಬೇಕು” ಎಂಬ ಅಣ್ಣನ ಮಾತನ್ನು ಪರೀಕ್ಷಿಸಬೇಕು. ಭಾರತ ಸರ್ಕಾರವು 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿತು. ಅಲ್ಲಿ ಬದಲಾಗಬಾರದೆಂದು ಮುಖ್ಯವಾಗಿ ಹೇಳಿರುವುದು ಚಾಸಿ, ಹೊರಕವಚ ಮತ್ತು ಎಂಜಿನ್ನುಗಳನ್ನು; ಆಸನಕ್ಕೆ ಚರ್ಮವೇ ಇರಬೇಕೆಂದಲ್ಲ. ಅಂದಿನ ತಯಾರಕರೂ ಚರ್ಮವನ್ನು ಪವಿತ್ರವೆಂದು ಭಾವಿಸಿರಲಿಲ್ಲ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಮೈ ತಾಗುವ ಭಾಗಕ್ಕೆ ಮಾತ್ರ ಚರ್ಮವನ್ನು ಹೊಲಿದು, ಬೆನ್ನಿಗೂ ಬದಿಗೂ ಕೃತಕ ಚರ್ಮದ ಬಟ್ಟೆಯನ್ನು ಹಾಕುತ್ತಿದ್ದರು. ಇಂದು ಎಲ್ಲರ ಬಾಯಲ್ಲಿರುವ ರೆಕ್ಸಿನ್ ಎಂಬ ಮಾತು ಅಂಥದೊಂದು ಬ್ರಿಟಿಷ್ ಬಟ್ಟೆಯ ವ್ಯಾಪಾರನಾಮವೇ. ಮೂಲ ತಯಾರಕನೇ ಬೆಲೆಗಾಗಿ ಅರ್ಧ ಚರ್ಮವನ್ನು ಬಿಡಬಹುದಾದರೆ, ಶ್ರಾವಕನು ವ್ರತಕ್ಕಾಗಿ ಪೂರ್ತಿ ಬಿಟ್ಟರೆ ಕಾರಿನ ಗೌರವಕ್ಕೆ ಕುಂದೇನೂ ಇಲ್ಲ.

ಸಮಾರಂಭ: ಏನನ್ನು ತರಬೇಕು?

ಎರಡನೆಯ ಹಂತ ಸಾಮಗ್ರಿಯ ಸಂಗ್ರಹ. ಇಲ್ಲಿ ಹೆಚ್ಚು ವಿವೇಕ ಬೇಕು.

ಚರ್ಮದ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: ಪ್ರಾಣಿಯನ್ನು ಕೊಂದದ್ದು ಮಾಂಸಕ್ಕಾಗಿ, ಚರ್ಮ ಉಳಿಕೆ ಮಾತ್ರ. ಆದರೆ ಚರ್ಮಕ್ಕೆ ಬೆಲೆಯುಂಟು. ಆ ಬೆಲೆ ಕೊಂದವನ ಲೆಕ್ಕದಲ್ಲಿಯೇ ಜಮೆಯಾಗುತ್ತದೆ. ಹೊಸ ಚರ್ಮವನ್ನು ಹೇಳಿ ತರಿಸುವವನು ಕೃತದಿಂದ ತಪ್ಪಿಸಿಕೊಂಡರೂ ಕಾರಿತ, ಅನುಮತಗಳಿಂದ ತಪ್ಪಿಸಿಕೊಳ್ಳಲಾರ. ಹದ ಮಾಡುವ ಕೆಲಸದ ಪರಿಣಾಮವೂ ಸಣ್ಣದಲ್ಲ. ತಮಿಳುನಾಡಿನ ಪಾಲಾರ್ ನದಿಯನ್ನು ಚರ್ಮದ ಕಾರ್ಖಾನೆಗಳು ಕೆಡಿಸಿದ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1996ರಲ್ಲಿ ನ್ಯಾಯಾಲಯವು ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕೆಂದು ತೀರ್ಪು ನೀಡಿತು. ನದಿ ಕೆಟ್ಟಾಗ ನೊಂದವರಲ್ಲಿ ಜಲಚರಗಳೂ ಇದ್ದವು, ಮನುಷ್ಯರೂ ಇದ್ದರು.

ಆದರೆ ಕಾರಿನಲ್ಲಿ ಈಗಾಗಲೇ ಇರುವ ಹಳೆಯ ಚರ್ಮದ ವಿಚಾರ ಬೇರೆ. ಅದನ್ನು ಕಿತ್ತೆಸೆದರೆ ಸತ್ತ ಪ್ರಾಣಿ ಮರಳಿ ಬರುವುದಿಲ್ಲ. ಇಟ್ಟುಕೊಂಡರೆ ಹೊಸ ಪ್ರಾಣಿಯೊಂದು ಸಾಯುವುದೂ ಇಲ್ಲ. ಈ ದೃಷ್ಟಿಯಲ್ಲಿ ಗಟ್ಟಿಯಾಗಿರುವ ಹಳೆಯ ಚರ್ಮವನ್ನು ಉಳಿಸುವವನನ್ನು ಕೂಡಲೇ ನಿಂದಿಸಲಾಗದು. ಆದರೂ ಒಂದು ಅಂಶ ಗಮನಾರ್ಹ. ಚರ್ಮವನ್ನು ಮೆದುವಾಗಿಡಲು ಬಳಸುವ ಲೇಪಗಳಲ್ಲಿ ಅನೇಕವು ದನದ ಕಾಲಿನ ಮೂಳೆಗಳನ್ನು ಬೇಯಿಸಿ ತೆಗೆದ ಎಣ್ಣೆ, ಉಣ್ಣೆಯ ಜಿಡ್ಡು, ಜೇನುಮೇಣ ಇವುಗಳಿಂದ ಆದವು. ಜೇನನ್ನು ನಾಲಿಗೆಗೆ ತಾಗಿಸದ ಮನೆಯಲ್ಲಿ ಆಸನಕ್ಕೆ ವರ್ಷವರ್ಷವೂ ಜೇನುಮೇಣ ತಿಕ್ಕುವುದೆಂದರೆ, ಹಳೆಯ ಹಿಂಸೆಯನ್ನು ಉಳಿಸಲು ಹೊಸ ಹಿಂಸೆಯನ್ನು ತರುವುದೇ ಆಗುತ್ತದೆ. ಚರ್ಮ ಬಿರಿದು ಹೋಗಿದ್ದರೆ ಅದನ್ನು ಗೌರವದಿಂದ ಕಳಚಿಡುವುದೇ ಲೇಸು. ಅದನ್ನು ಮಾರಿ ಲಾಭ ಪಡೆಯುವ ಆಲೋಚನೆಯೂ ಸಲ್ಲದು.

ಉಣ್ಣೆಯ ವಿಷಯದಲ್ಲಿ ರಜೋಹರಣದ ಉದಾಹರಣೆಯನ್ನು ಹಿಡಿದು ಸಮಾಧಾನಪಡುವವರಿದ್ದಾರೆ. ಕುರಿಯನ್ನು ಕೊಲ್ಲದೆ ಕತ್ತರಿಸಿದ ಉಣ್ಣೆಗೆ ಆ ಉದಾಹರಣೆ ಹೊಂದಬಹುದು. ಆದರೆ ನೆಲಹಾಸಿನ ವ್ಯಾಪಾರದಲ್ಲಿ ಕೊಂದ ಕುರಿಯ ತೊಗಲಿನಿಂದ ಕಿತ್ತ ಉಣ್ಣೆಯೂ ಬೆರೆತು ಬರುತ್ತದೆ. ಅಂಗಡಿಯಲ್ಲಿ ಅದನ್ನು ಬೇರ್ಪಡಿಸಿ ತೋರಿಸುವವರಿಲ್ಲ. ಸಂಶಯವಿದ್ದಲ್ಲಿ ಬಿಡುವುದು ಶ್ರಾವಕನ ರೀತಿ.

ಹೆಸರುಗಳು ಮೋಸ ಮಾಡುವುದೂ ಉಂಟು. ಲೆದರೆಟ್ ಎಂದರೆ ಕೃತಕ ಚರ್ಮ. ಬಾಂಡೆಡ್ ಲೆದರ್ ಎಂಬುದರಲ್ಲಿ ನಿಜವಾದ ಚರ್ಮದ ಚೂರುಗಳನ್ನು ಅರೆದು ಅಂಟಿಸಿರುತ್ತಾರೆ. ಸ್ವೀಡ್ ಎಂದು ಮಾರುವುದು ಚರ್ಮವೂ ಆಗಿರಬಹುದು, ನೂಲಿನ ಬಟ್ಟೆಯೂ ಆಗಿರಬಹುದು. ಕೊಳ್ಳುವ ಮುನ್ನ ತುಂಡಿನ ಹಿಮ್ಮೈಯನ್ನು ತಿರುಗಿಸಿ ನೋಡುವುದು ಒಳ್ಳೆಯದು: ನೇಯ್ದ ಇಲ್ಲವೆ ಹೆಣೆದ ಬಟ್ಟೆ ಕಂಡರೆ ಅದು ಸಾಮಾನ್ಯವಾಗಿ ಲೇಪಿಸಿದ ಕೃತಕ ವಸ್ತು. ಆದರೆ ಬಾಂಡೆಡ್ ಲೆದರ್‌ಗೂ ಬಟ್ಟೆಯ ಬೆನ್ನು ಇರುವುದುಂಟು. ಆದುದರಿಂದ ನೋಡಿದರೆ ಸಾಲದು, ಕೇಳಿಯೂ ತಿಳಿಯಬೇಕು. ಹಾಸಿನ ಕೆಳಗಿನ ಫೆಲ್ಟಿನಲ್ಲಿ ಹಳೆಯ ಉಣ್ಣೆಬಟ್ಟೆಯ ಚಿಂದಿ ಸೇರಿರಬಹುದು. ಅಂಟಿನಲ್ಲಿಯೂ ಮೂಳೆ, ಚರ್ಮಗಳನ್ನು ಬೇಯಿಸಿ ತಯಾರಿಸಿದ ಬಗೆ ಇದೆ.

ಹಾಗಾದರೆ ತಮ್ಮನ ರೆಕ್ಸಿನ್ ನಿರ್ದೋಷವೇ? ಹಿಂದಿನ ರೆಕ್ಸಿನ್ ಹತ್ತಿಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿದ್ದು. ಅದು ಬೇಗ ಹೊತ್ತಿಕೊಳ್ಳುವ ಪದಾರ್ಥ. ಇಂದು ಅದೇ ಹೆಸರಿನಲ್ಲಿ ದೊರೆಯುವುದು ಬಹುಮಟ್ಟಿಗೆ ಪಿವಿಸಿ ಲೇಪದ ಬಟ್ಟೆ. ಅದು ಮಣ್ಣಿನಲ್ಲಿ ಕರಗದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲ ಹೊರಡುತ್ತದೆ. ಸೆಣಬಿಗಾಗಿ ಗಿಡವನ್ನು ಕೊಯ್ದು ನೀರಿನಲ್ಲಿ ಕೊಳೆಹಾಕಬೇಕು. ಹತ್ತಿಯ ಬೆಳೆಗೆ ಕೀಟನಾಶಕ ಸಿಂಪಡಿಸುತ್ತಾರೆ. ಏಕೇಂದ್ರಿಯ ಜೀವಗಳ ಲೆಕ್ಕ ಹಿಡಿದರೆ ಪೂರ್ಣವಾಗಿ ನಿರ್ದೋಷವಾದ ವಸ್ತು ಲೋಕದಲ್ಲಿ ದೊರೆಯಲಾರದು. ಅನೇಕಾಂತ ದೃಷ್ಟಿಯು ಒಂದು ವಸ್ತುವಿನ ಒಂದೇ ಮುಖವನ್ನು ನೋಡಿ ತೀರ್ಮಾನಿಸಬಾರದೆಂದು ಕಲಿಸುತ್ತದೆ. ಎಲ್ಲದರಲ್ಲಿಯೂ ದೋಷವಿದೆ, ಆದುದರಿಂದ ಏನನ್ನಾದರೂ ಹಾಕಬಹುದು ಎಂಬ ಔದಾಸೀನ್ಯವನ್ನು ಅದು ಕಲಿಸುವುದಿಲ್ಲ. ಪಂಚೇಂದ್ರಿಯ ಪ್ರಾಣಿಯ ವಧೆಗೂ ಗಿಡದ ನಾರನ್ನು ಕೊಯ್ಯುವುದಕ್ಕೂ ಇರುವ ಅಂತರ ಶ್ರಾವಕನ ಪಾಲಿಗೆ ನಿಜವಾದದ್ದು. ಸ್ಥೂಲಹಿಂಸೆಯನ್ನು ಪೂರ್ತಿ ಬಿಡುವುದು, ಸೂಕ್ಷ್ಮಹಿಂಸೆಯನ್ನು ಸಾಧ್ಯವಾದಷ್ಟು ತಗ್ಗಿಸುವುದು ಅಣುವ್ರತದ ದಾರಿ.

ಈ ದಾರಿಯಲ್ಲಿ ನಡೆದರೆ ಆಯ್ಕೆ ಕಷ್ಟವಲ್ಲ. ಆಸನದ ಹಳೆಯ ಸ್ಪ್ರಿಂಗುಗಳನ್ನು ಉಳಿಸಿ, ಕೂದಲಿನ ಬದಲು ರಬ್ಬರ್ ಹಾಲಿನಿಂದ ಬಂಧಿಸಿದ ತೆಂಗಿನ ನಾರಿನ ಹಲಗೆಯನ್ನೂ ಅದರ ಮೇಲೆ ಹತ್ತಿಯ ಪದರವನ್ನೂ ಇಡಬಹುದು. ಹೊದಿಕೆಗೆ ದಪ್ಪ ಹತ್ತಿಬಟ್ಟೆ, ಇಲ್ಲವೆ ಮಳೆಯಲ್ಲಿ ಓಡಾಡುವ ಕಾರಾದರೆ ಬಾಳಿಕೆಯ ರೆಕ್ಸಿನ್; ಮೇಲ್ಛಾವಣಿಗೆ ಹತ್ತಿಬಟ್ಟೆ. ಆದರೆ ಒಳಗಿನ ಬಟ್ಟೆ, ನಾರುಗಳು ಬೇಗ ಹೊತ್ತಿಕೊಳ್ಳುವಂಥವಾಗಿರಬಾರದು. ವಾಹನದ ಒಳವಸ್ತುಗಳ ದಹನದ ಬಗ್ಗೆ ಭಾರತದಲ್ಲಿ ಐಎಸ್ 15061 ಎಂಬ ಮಾನದಂಡವಿದೆ. ಅಮೆರಿಕದ ನಿಯಮದಲ್ಲಿ ಜ್ವಾಲೆ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದೆಂದಿದೆ. ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಟ್ಟೆಯನ್ನು ಕೇಳಿ ಪಡೆಯುವುದು ಕಾರಿನಲ್ಲಿ ಕೂರುವ ಮಕ್ಕಳ ಮೇಲಿನ ದಯೆ.

ಶಬ್ದ ತಡೆಯುವ ವಿಷಯದಲ್ಲಿ ಒಂದು ಪಾಠವಿದೆ. ಕಾರಿನ ತಗಡು ಡೋಲಿನಂತೆ ಅದುರುವುದರಿಂದ ಶಬ್ದ ಹುಟ್ಟುತ್ತದೆ. ಡಾಂಬರಿನ ಅಥವಾ ಬ್ಯುಟೈಲ್ ರಬ್ಬರಿನ ಹಾಳೆಯನ್ನು ತಗಡಿಗೆ ಅಂಟಿಸಿದರೆ ಅದುರು ನಿಲ್ಲುತ್ತದೆ. ಅನೇಕರು ಇಡೀ ನೆಲಕ್ಕೂ ಬಾಗಿಲಿಗೂ ಮೂಲೆ ಬಿಡದೆ ಅಂಟಿಸಿ ಕಾರಿನ ತೂಕ ಹೆಚ್ಚಿಸುತ್ತಾರೆ. ವಾಸ್ತವವಾಗಿ ಹೆಚ್ಚು ಅಲುಗುವ ನಡುಭಾಗದಲ್ಲಿ ಒಂದು ತುಂಡು ಅಂಟಿಸಿದರೆ ಬಹುಪಾಲು ಪ್ರಯೋಜನ ಸಿಗುತ್ತದೆ. ಬೇಕಾದಷ್ಟೇ ಬಳಸುವ ಅಪರಿಗ್ರಹವೇ ಇಲ್ಲಿ ಒಳ್ಳೆಯ ತಾಂತ್ರಿಕ ಸಲಹೆಯೂ ಹೌದು. ಆದರೆ ಮನೆಯ ತಾರಸಿಗೆ ಹಾಕುವ ಅಗ್ಗದ ಡಾಂಬರಿನ ಹಾಳೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆದುವಾಗಿ ವಾಸನೆ ಬೀರುತ್ತದೆ; ಅದನ್ನು ಬಿಡುವುದು ಒಳಿತು.

ಆರಂಭ: ಹೇಗೆ ಮಾಡಬೇಕು?

ಮೂರನೆಯ ಹಂತದಲ್ಲಿ ಎರಡು ಬಗೆಯ ಜೀವಗಳ ಚಿಂತೆ ಇದೆ. ಮೊದಲನೆಯದು ಆ ತೇವದ ಫೆಲ್ಟಿನೊಳಗೆ ಮನೆ ಮಾಡಿಕೊಂಡವು. ವರ್ಷಗಟ್ಟಲೆ ನಿಂತ ಕಾರಿನ ಹಾಸಿನ ಕೆಳಗೆ ಇರುವೆ, ಜಿರಲೆ, ಬೆಳ್ಳಿಹುಳು, ಕೆಲವೊಮ್ಮೆ ಇಲಿಯ ಮರಿಗಳೂ ಇರುತ್ತವೆ. ಔಷಧ ಸಿಂಪಡಿಸಿ ಮರುದಿನ ಗುಡಿಸಿ ಹಾಕುವುದು ಸುಲಭ. ಆದರೆ ಯತ್ನಾಚಾರವುಳ್ಳವನು ಬಾಗಿಲುಗಳನ್ನು ತೆರೆದಿಟ್ಟು ಬೆಳಕು ಗಾಳಿ ಆಡಲು ಬಿಡುತ್ತಾನೆ; ಹಾಸನ್ನು ಒಂದೇ ಏಟಿಗೆ ಎಳೆಯದೆ ಮೆಲ್ಲಗೆ ಎತ್ತಿ, ಮೃದುವಾದ ಪೊರಕೆಯಿಂದ ಜೀವಗಳನ್ನು ಸರಿಸಿ, ನೆರಳಿನಲ್ಲಿ ಬಿಡುತ್ತಾನೆ. ಇದಕ್ಕೆ ಒಂದೆರಡು ದಿನ ಹೆಚ್ಚು ಹಿಡಿಯಬಹುದು.

ಮುಂದೆ ಜೀವಗಳು ಅಲ್ಲಿ ಹುಟ್ಟದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ನೀರನ್ನು ಸೋಸುವುದರ, ಪಾತ್ರೆಯನ್ನು ಒಣಗಿಸಿಡುವುದರ ತತ್ತ್ವವೇ ಇಲ್ಲಿಯೂ ಅನ್ವಯಿಸುತ್ತದೆ. ಒದ್ದೆಯಾಗಿ ಉಳಿಯುವ ವಸ್ತುವಿನಲ್ಲಿ ಜೀವೋತ್ಪತ್ತಿ, ಅದರ ಕೆಳಗಿನ ತಗಡಿಗೆ ತುಕ್ಕು. ಸೆಣಬಿನ ಫೆಲ್ಟು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ರಂಧ್ರ ಮುಚ್ಚಿದ ಫೋಮ್ ಹೀರುವುದಿಲ್ಲ, ಆದರೆ ಅದಕ್ಕೂ ತಗಡಿಗೂ ನಡುವೆ ನುಸುಳಿದ ನೀರು ಆರುವುದಿಲ್ಲ. ಆದುದರಿಂದ ಯಾವ ಹಾಸನ್ನೂ ಪೂರ್ತಿ ಅಂಟಿಸದೆ, ಎತ್ತಿ ಒಣಗಿಸಲು ಬರುವಂತೆ ಸಡಿಲವಾಗಿ ಹಾಸುವುದು ಮೇಲು. ಅದಕ್ಕೂ ಮೊದಲು ಗಾಜಿನ ರಬ್ಬರಿನಿಂದ ಸೋರುವ ನೀರನ್ನು ನಿಲ್ಲಿಸಬೇಕು. ಬಾಗಿಲುಗಳ ತಳದಲ್ಲಿರುವ ನೀರು ಹರಿಯುವ ತೂತುಗಳನ್ನು ಬಿಡಿಸಬೇಕು. ಬಾಗಿಲಿನ ಒಳಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಇಡಬೇಕು. ಮಲೆನಾಡು, ಕರಾವಳಿಗಳ ಮಳೆಯಲ್ಲಿ ಒಣಗಿದ ಒಳಮೈಯೇ ಅಹಿಂಸೆಯ ಒಳಮೈ.

ಎರಡನೆಯ ಚಿಂತೆ ಕುಶನ್ ಕೆಲಸ ಮಾಡುವ ಮನುಷ್ಯನದು. ಪ್ರಾಣಿಯನ್ನು ನೆನೆದು ಮರುಗುವ ಮನಸ್ಸು ಎದುರಿಗೆ ಕುಳಿತು ದುಡಿಯುವವನನ್ನು ಅನೇಕ ವೇಳೆ ಮರೆಯುತ್ತದೆ. ಹಳೆಯ ಕಾರುಗಳಲ್ಲಿ ಎಂಜಿನ್ನಿನ ಶಾಖ ಒಳಗೆ ಬಾರದಂತೆ ಹಾಕಿದ ಹಲಗೆ, ಫೆಲ್ಟುಗಳಲ್ಲಿ ಕೆಲವೊಮ್ಮೆ ಕಲ್ನಾರು ಇರುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ರೋಗ ತಲೆದೋರುವುದು ದಶಕಗಳ ಮೇಲೆ. ಅಷ್ಟು ಹೊತ್ತಿಗೆ ಕಾರಿನ ಯಜಮಾನ ಆ ಕೆಲಸಗಾರನ ಮುಖವನ್ನೂ ಮರೆತಿರುತ್ತಾನೆ. ಅಂಥ ಸಂಶಯದ ವಸ್ತುವನ್ನು ಒಣಗಿದಂತೆಯೇ ಕೆರೆಯುವುದು, ಗಾಳಿ ಊದಿ ಚೊಕ್ಕಟ ಮಾಡುವುದು ಸರ್ವಥಾ ಕೂಡದು. ಗಟ್ಟಿಯಾಗಿದ್ದರೆ ಮುಟ್ಟದೆ ಬಿಡಬೇಕು. ತೆಗೆಯಲೇಬೇಕಾದರೆ ತಿಳಿದವರಿಂದ ತೆಗೆಸಬೇಕು. ಆ ಜಾಗಕ್ಕೆ ಕಲ್ನಾರಿಲ್ಲದ, ಅಲ್ಯೂಮಿನಿಯಂ ಹಾಳೆ ಹೊದಿಸಿದ ಶಾಖನಿರೋಧಕ ಸಾಕು.

ಅಂಟಿನ ವಿಷಯವೂ ಹೀಗೆಯೇ. ಮೂಳೆಯ ಅಂಟು ಬೇಡವೆಂದು ಬಿಟ್ಟವರು ಅದರ ಬದಲು ತರುವ ರಾಸಾಯನಿಕ ಅಂಟಿನಲ್ಲಿ ಟಾಲ್ವೀನ್‌ನಂಥ ದ್ರಾವಕ ಇರುವುದುಂಟು. ಮುಚ್ಚಿದ ಕಾರಿನೊಳಗೆ ತಲೆಯಿಟ್ಟು ಅದನ್ನು ಬಳಿಯುವವನಿಗೆ ತಲೆ ಸುತ್ತುತ್ತದೆ. ಬಾಗಿಲು ತೆರೆದಿಡಿಸುವುದು, ಮುಖಕ್ಕೆ ತಕ್ಕ ಮಾಸ್ಕ್ ಕೊಡಿಸುವುದು, ಬೇಗ ಮುಗಿಸೆಂದು ಅವಸರಪಡಿಸದಿರುವುದು, ಕೂಲಿಯಲ್ಲಿ ಚೌಕಾಶಿ ಮಾಡದಿರುವುದು ಯಜಮಾನನ ಕೈಯಲ್ಲಿವೆ. ಇವನ್ನು ಮಾಡದೆ ಬರಿದೆ ಚರ್ಮವಿಲ್ಲದ ಆಸನವನ್ನು ತೋರಿಸಿ ತನ್ನದು ಅಹಿಂಸೆಯ ಕಾರೆಂದು ಹೇಳಿಕೊಳ್ಳುವುದರಲ್ಲಿ ಮಾಯಾಕಷಾಯದ ಅಂಶವಿದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ದೂರದ್ದಲ್ಲ. ದಾನವಾಗಿ ಬಂದ ಹಳೆಯ ವಾಹನ, ಸಭಾಭವನದ ಕುರ್ಚಿ, ಅತಿಥಿಗೃಹದ ಹಾಸಿಗೆ ಇವುಗಳ ದುರಸ್ತಿಗೆ ಹಣ ಮಂಜೂರು ಮಾಡುವಾಗ ಬೆಲೆಯ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬಹುದು: ಇದು ಯಾವುದರಿಂದ ಆದದ್ದು? ಇದನ್ನು ಮಾಡುವವನ ಮೈಗೆ ಇದರಿಂದ ಕೇಡಿಲ್ಲವೇ?

ದೃಷ್ಟಾಂತದ ಆ ಮನೆಯಲ್ಲಿ ಅಣ್ಣನ ಮಾತೂ ಪೂರ್ತಿ ನಡೆಯಬೇಕಾಗಿಲ್ಲ, ತಮ್ಮನದೂ ಪೂರ್ತಿ ನಡೆಯಬೇಕಾಗಿಲ್ಲ. ಹೊಸ ಚರ್ಮ ಬರುವುದಿಲ್ಲ. ಆದರೆ ಹಳೆಯ ಹೊಲಿಗೆಯ ವಿನ್ಯಾಸ, ಬಣ್ಣ, ತಂದೆ ಹಿಡಿದ ಚಕ್ರ, ಬಾಗಿಲಿನ ಹಿಡಿ ಎಲ್ಲವೂ ಹಾಗೆಯೇ ಉಳಿಯುತ್ತವೆ. ಬಿರಿದ ಆಸನ ಹೋಗುತ್ತದೆ. ಆದರೆ ಗಟ್ಟಿಯಾಗಿರುವ ಯಾವುದನ್ನೂ ಕೋಪದಿಂದ ಕಿತ್ತೆಸೆಯುವುದಿಲ್ಲ. ಕೆಲಸ ಮುಗಿದ ದಿನ ಕುಶನ್ ಕೆಲಸದವನು ಕೆಮ್ಮದೆ ಮನೆಗೆ ಹೋಗುತ್ತಾನೆ. ಮರುದಿನ ತಾಯಿಯನ್ನು ಕೂರಿಸಿಕೊಂಡು ಮಕ್ಕಳು ಬಸದಿಗೆ ಹೊರಟರೆ, ಬಾಗಿಲಲ್ಲಿ ಬಿಚ್ಚಿಡಬೇಕಾದ ಬೆಲ್ಟಿಗೂ ಹೊರಗೆ ನಿಂತ ಕಾರಿನ ಆಸನಕ್ಕೂ ನಡುವೆ ಹಿಂದಿನಂತೆ ವಿರೋಧ ಇರುವುದಿಲ್ಲ. ವ್ರತವು ಬಸದಿಯ ಹೊಸ್ತಿಲಲ್ಲಿ ನಿಲ್ಲದೆ ಮನೆಯವರೆಗೂ ಜೊತೆಗೆ ಬರುತ್ತದೆ.